ದೇವರ ಕೆಲಸಕ್ಕೆ ಪಗಾರ ಎಷ್ಟು?

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸುಗಳ ಬೋರ್ಡು ಓದುತ್ತ ನಡೆದರೆ ಓಣಿ ಮುಗಿದರೂ ಬೋರ್ಡು ಮುಗಿಯುವುದಿಲ್ಲ. ಹಾವೇರಿ, ಗದಗ, ಕೊಪ್ಪಳ, ರಾಯಚೂರು ಕಡೆಯ ಹುಡುಗ ಹುಡುಗಿಯರು ಇಲ್ಲಿ ಬಾಡಿಗೆ ಕೋಣೆ ಹಿಡಿದು, ಊರಿಂದ ತಂದ ರೊಟ್ಟಿ ಚಟ್ನಿಪುಡಿಯ ಮೇಲೆ ವರ್ಷಗಟ್ಟಲೆ ಓದುತ್ತಾರೆ. ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನು ಇವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಎಫ್‌ಡಿಎ, ಎಸ್‌ಡಿಎ ಗುಮಾಸ್ತ ಹುದ್ದೆಯ ಪರೀಕ್ಷೆ ಬರೆಯುವವರಿಗೆ ವ್ಯಾಕರಣ, ಖಾಸಗಿ ಕಂಪನಿಗೆ ಹೋಗುವವರಿಗೆ ಸಂದರ್ಶನದ ಮಾತು. ಇಬ್ಬರಿಗೂ ಬೇಕಾದದ್ದು ನೌಕರಿಯ ಶಬ್ದಗಳು.

ಆ ಪಾಠದ ದಿನ ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ವೊಕೇಶನ್, ಕಾಲಿಂಗ್, ಪ್ರೊಫೆಶನ್, ಮಿಷನ್, ಸರ್ವಿಸ್. ಬಲಕ್ಕೆ ಜಾಬ್, ವೇಜಸ್, ಸ್ಯಾಲರಿ, ಇನ್‌ಕ್ರಿಮೆಂಟ್, ಹೈರ್, ಫೈರ್. ಎಡಗಡೆಯವು ಚರ್ಚು, ಮಠಗಳಿಂದ ಬಂದವು ಅಥವಾ ಅಲ್ಲಿ ಬಹುಕಾಲ ಇದ್ದು ಬಂದವು, ಬಲಗಡೆಯವು ಬಜಾರದವು ಎಂದು ಹೇಳಿ ಮುಂದೆ ಹೋಗುವುದು ನನ್ನ ರೂಢಿ. ಹೋದ ವರ್ಷದ ತಂಡದಲ್ಲಿ ಒಬ್ಬ ಹುಡುಗಿ ಮುಂದೆ ಹೋಗಲು ಬಿಡಲಿಲ್ಲ. ಅವಳ ತಾಯಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಬೋರ್ಡನ್ನು ಸ್ವಲ್ಪ ಹೊತ್ತು ನೋಡಿ ಅಂದಳು: “ಮೇಡಂ, ಎಡಗಡೆ ಶಬ್ದ ಯಾರಿಗೆ ಹಚ್ಚತಾರೋ ಅವರಿಗೆ ಬಲಗಡೆದ್ದು ಕಡಿಮಿ ಸಿಗತೈತಿ ನೋಡ್ರಿ.”

ಮೂವತ್ತು ವರ್ಷದ ಮೇಲೆ ಪಾಠ ಮಾಡಿದವಳಿಗೆ ಪ್ರಶ್ನೆಗಳು ಹೊಸವಲ್ಲ. ಆದರೆ ಇದು ಇಂಗ್ಲಿಷಿನ ಪ್ರಶ್ನೆ ಆಗಿರಲಿಲ್ಲ. ಕೆಲಸವನ್ನು ಪೂಜೆ ಎಂದು ಕರೆದಾಗ ಆ ಕೆಲಸ ಮಾಡುವವರಿಗೆ ಏನು ಸಿಗುತ್ತದೆ, ಏನು ಕಳೆಯುತ್ತದೆ? ಧರ್ಮಗಳು ಈ ಪ್ರಶ್ನೆಯ ಸುತ್ತ ಬಹಳ ತಿರುಗಾಡಿವೆ. ನೇರವಾಗಿ ಉತ್ತರ ಕೊಟ್ಟದ್ದು, ನನ್ನ ಮಟ್ಟಿಗೆ, ಅಕ್ಕಿ ಆಯುತ್ತಿದ್ದ ಒಬ್ಬನ ಹೆಂಡತಿ. ಅವಳ ಹತ್ತಿರ ಬರುವ ಮೊದಲು ಸ್ವಲ್ಪ ದೂರದ ದಾರಿ ಇದೆ.

ಯುರೋಪಿನಲ್ಲಿ ಬಹುಕಾಲ ‘ಕರೆ’ ಬರುತ್ತಿದ್ದುದು ಸನ್ಯಾಸಿಗಳಿಗೆ, ಪಾದ್ರಿಗಳಿಗೆ. ದೇವರು ಕರೆಯುತ್ತಾನೆ, ನೀನು ಮನೆ ಬಿಟ್ಟು ಮಠ ಸೇರುತ್ತೀ, ಅಲ್ಲಿ ಎಲ್ಲರೆದುರು ವ್ರತ ಉಚ್ಚರಿಸುತ್ತೀ. ಕರೆ ವೊಕೇಶನ್, ವ್ರತೋಚ್ಚಾರ ಪ್ರೊಫೆಶನ್. ಓದು ಬರಹ ಬಲ್ಲವರು ಹೆಚ್ಚಾಗಿ ಚರ್ಚಿನವರೇ ಆದ್ದರಿಂದ ಕ್ಲರ್ಕ್ ಅಂದರೂ ಮೊದಲಿಗೆ ಪಾದ್ರಿಯೇ. ನಮ್ಮ ಎಸ್‌ಡಿಎ ಹುಡುಗರಿಗೆ ಇದನ್ನು ಹೇಳಿದಾಗ ನಕ್ಕರು, ಅಂಗಿ ಕಾಲರು ನೇರ ಮಾಡಿಕೊಂಡರು. (ನಮ್ಮವರ ಬಯೋಡೇಟಾದ ಕೊನೆಗೆ, ಮೇಲಿನದೆಲ್ಲ ನಿಜ ಎಂದು ಪ್ರಮಾಣ ಮಾಡಿ ಸಹಿ ಹಾಕುತ್ತಾರಲ್ಲ, ಅದನ್ನು ಕಂಡಾಗಲೆಲ್ಲ ನನಗೆ ಆ ವ್ರತೋಚ್ಚಾರವೇ ನೆನಪಾಗುತ್ತದೆ. ಅದೇ ಬಯೋಡೇಟಾದಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ನಿಲ್’ ಎಂದಿರುತ್ತದೆ. ಬೆಳಗಿನ ಐದಕ್ಕೆ ಎದ್ದು ಆ ರೊಟ್ಟಿ ಬಡಿದು ಕಟ್ಟಿ ಕಳಿಸಿದಾಕೆಯ ಉದ್ಯೋಗ ನಿಲ್. ನಿಜ ಎಂದು ಪ್ರಮಾಣ ಬೇರೆ.)

ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಈ ಕರೆಯನ್ನು ಮಠದ ಗೋಡೆಯಿಂದ ಹೊರಗೆ ತಂದ. ತಾನೇ ಸನ್ಯಾಸಿಯಾಗಿದ್ದು ಅದನ್ನು ಬಿಟ್ಟವನು. ಚಮ್ಮಾರನೂ ಹಾಲು ಕರೆಯುವ ಹೆಂಗಸೂ ತಮ್ಮ ತಮ್ಮ ಕೆಲಸದಲ್ಲೇ ದೇವರ ಕರೆಗೆ ಓಗೊಡುತ್ತಿದ್ದಾರೆ, ಅವರ ಕೆಲಸ ಸನ್ಯಾಸಿಯ ಜಪಕ್ಕಿಂತ ಕಡಿಮೆಯಲ್ಲ ಎಂಬುದು ಅವನ ನಿಲುವು. ಬೈಬಲನ್ನು ಜರ್ಮನ್ನಿಗೆ ತರುವಾಗ ಅವನು ಬಳಸಿದ ‘ಬೆರೂಫ್’ ಎಂಬ ಮಾತಿನಲ್ಲಿ ಕರೆಯೂ ಕಸುಬೂ ಒಂದಾದವು. 1904–05ರಲ್ಲಿ ಮ್ಯಾಕ್ಸ್ ವೇಬರ್ ಈ ಒಂದು ಮಾತಿನ ಬೆನ್ನು ಹತ್ತಿ ಬಂಡವಾಳಶಾಹಿಯ ಮನಸ್ಸಿನವರೆಗೆ ಹೋದ. ಅವನ ವಾದದ ಪರ ವಿರೋಧ ಎರಡೂ ಇನ್ನೂ ನಿಂತಿಲ್ಲ, ಅದು ಇಲ್ಲಿ ಬೇಡ.

ನನಗೆ ಕುತೂಹಲ ಇರುವುದು ಲೂಥರ್ ಆಧಾರ ಮಾಡಿಕೊಂಡ ಜಾಗದಲ್ಲಿ. ಕೊರಿಂಥದವರಿಗೆ ಸಂತ ಪೌಲ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯ ಅದು. ಕರೆ ಬಂದಾಗ ಯಾರು ಯಾವ ಸ್ಥಿತಿಯಲ್ಲಿದ್ದರೋ ಅದರಲ್ಲೇ ಇರಲಿ ಎಂಬ ಅರ್ಥದ ಮಾತು ಅಲ್ಲಿದೆ. ಅದರ ಬೆನ್ನಿಗೇ ಪೌಲ ಗುಲಾಮನ ವಿಷಯ ಎತ್ತುತ್ತಾನೆ: ಗುಲಾಮನಾಗಿದ್ದರೆ ಚಿಂತಿಸಬೇಡ, ಆದರೆ ಬಿಡುಗಡೆ ಆಗುವ ಹಾಗಿದ್ದರೆ ಅದನ್ನು ಬಳಸಿಕೋ ಎಂಬುದು ಹೆಚ್ಚಿನವರು ಹೇಳುವ ಅರ್ಥ. ಮೂಲ ಗ್ರೀಕಿನಲ್ಲಿ ಆ ಮಾತು ಎಷ್ಟು ಮೊಟಕೆಂದರೆ, ಬಿಡುಗಡೆ ಸಿಕ್ಕರೂ ಇದ್ದಲ್ಲೇ ಇರು ಎಂದು ಓದಿದ ಪಂಡಿತರೂ ಇದ್ದಾರೆ. ಯಜಮಾನರಿಗೆ ಯಾವ ಓದು ಹಿತವಾಯಿತು ಎಂದು ಹೇಳಬೇಕಾಗಿಲ್ಲ. ಕರೆದವನು ದೇವರು, ಹಾಗಾಗಿ ನೀನು ಎದ್ದು ಹೋಗುವಂತಿಲ್ಲ. ಕೆಲಸಕ್ಕೆ ಪಾವಿತ್ರ್ಯ ಬಂದ ಕೂಡಲೇ ಕೆಲಸಗಾರನ ಕಾಲಿಗೆ ಒಂದು ಹಗ್ಗವೂ ಬಂತು.

ಈ ಕರೆ ಕರ್ನಾಟಕಕ್ಕೂ ಬಂದಿದೆ, ಹೆಂಚಿನ ರೂಪದಲ್ಲಿ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಕೆಲವೇ ವರ್ಷದಲ್ಲಿ ಧಾರವಾಡಕ್ಕೂ ಬಂದರು, ಅವರ ಶಾಲೆ ಇಲ್ಲಿ ಈಗಲೂ ಇದೆ. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಹೆಂಡ ಇಳಿಸುವ ಕಸುಬನ್ನು ಮಿಷನ್ ಒಪ್ಪಲಿಲ್ಲ. ಅತ್ತ ಮತ ಬಿಟ್ಟವರಿಗೆ ಮನೆ, ಗೇಣಿ ಭೂಮಿ, ನಂಟರ ಆಸರೆ ತಪ್ಪಿತು. ದೇವರು ಸಿಕ್ಕ, ಅನ್ನ ಹೋಯಿತು. ಮಿಷನರಿಗಳಿಗೆ ಇದು ಬೇಗನೇ ತಿಳಿಯಿತು, ಅದು ಅವರ ದೊಡ್ಡತನವೇ. ನೇಯ್ಗೆ ಶಾಲೆ ಆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದ. ನೇತ್ರಾವತಿ ಬಯಲಿನ ಜೇಡಿ, ಜರ್ಮನಿ ಕಡೆಯ ಯಂತ್ರಜ್ಞಾನ. ಪ್ರಾರ್ಥನೆ ಮತ್ತು ಪಾಳಿ ಒಂದೇ ಆವರಣದಲ್ಲಿ ನಡೆದವು. ಹೊತ್ತಿಗೆ ಸರಿಯಾಗಿ ಬರುವುದು, ಕುಡಿಯದೆ ಇರುವುದು, ಕೆಲಸದಲ್ಲಿ ಶಿಸ್ತು ಇವೆಲ್ಲ ಭಕ್ತಿಯ ಲಕ್ಷಣಗಳಾದವು. ಲಾಭ ಮಿಷನ್ನಿನ ಕೆಲಸಕ್ಕೆ ಹೋಗುತ್ತಿತ್ತು.

ಇದನ್ನು ಬರೀ ಟೀಕಿಸುವುದು ಸುಲಭ, ನಾನು ಟೀಕಿಸುವುದಿಲ್ಲ. ಹುಟ್ಟಿನಿಂದ ಬಂದ ಕಸುಬಿನ ಹೊರಗೆ ಒಂದು ಕಸುಬು ಇರಬಹುದು, ಅದಕ್ಕೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಣಿಸಿ ಕೊಡುವ ಕೂಲಿ ಇರಬಹುದು ಎಂಬುದು ಅಲ್ಲಿ ಎಷ್ಟೋ ಮನೆಗಳಿಗೆ ಮೊದಲ ಸಲ ಗೊತ್ತಾಯಿತು. ಆದರೂ ಒಂದು ಮಾತು ಉಳಿಯುತ್ತದೆ. ದೇವರ ಕರೆ ಎಲ್ಲ ಕಸುಬಿಗೂ ಇದೆ ಎಂದ ಲೂಥರನ ಮಕ್ಕಳು ಇಲ್ಲಿಗೆ ಬಂದು ಯಾವ ಕಸುಬಿಗೆ ಕರೆ ಇದೆ, ಯಾವುದಕ್ಕಿಲ್ಲ ಎಂದು ತಾವೇ ತೀರ್ಮಾನಿಸಿದರು. ತಾಳೆಮರ ಹತ್ತುವವನಿಗೆ ದೇವರು ಏನು ಹೇಳಿದ್ದ ಎಂದು ಮರ ಹತ್ತುವವನನ್ನು ಕೇಳಿದ ಹಾಗೆ ಕಾಣುವುದಿಲ್ಲ.

ನಮ್ಮಲ್ಲಂತೂ ಕರೆಯುವವರ ಅಗತ್ಯವೇ ಇರಲಿಲ್ಲ, ಹುಟ್ಟಿದರೆ ಸಾಕಿತ್ತು. ಗೀತೆಯ ಮೂರನೆಯ ಅಧ್ಯಾಯದಲ್ಲೂ ಹದಿನೆಂಟನೆಯದರಲ್ಲೂ ಸ್ವಧರ್ಮದ ಮಾತು ಬರುತ್ತದೆ. ಕುಂದಿದ್ದರೂ ನಿನ್ನದೇ ಮೇಲು, ಚೆನ್ನಾಗಿ ಮಾಡಬಲ್ಲೆಯಾದರೂ ಇನ್ನೊಬ್ಬನದು ಬೇಡ ಎಂಬ ಧಾಟಿ. ಅದನ್ನು ಒಳಗಿನ ಸ್ವಭಾವ ಎಂದು ಬಿಡಿಸಿದ ದೊಡ್ಡವರಿದ್ದಾರೆ, ಅವರ ಬಗ್ಗೆ ಗೌರವವಿದೆ. ಆದರೆ ಊರಿನಲ್ಲಿ ಅದು ಜಾರಿಯಾದದ್ದು ಸ್ವಭಾವ ನೋಡಿ ಅಲ್ಲ, ಕೇರಿ ನೋಡಿ. 1936ರಲ್ಲಿ ಅಂಬೇಡ್ಕರ್ ‘ಅನಿಹಿಲೇಶನ್ ಆಫ್ ಕಾಸ್ಟ್’ ಅಚ್ಚು ಹಾಕಿಸಿದಾಗ ಈ ವಾದದ ಬುಡಕ್ಕೇ ಕೈ ಹಾಕಿದರು. ಜಾತಿಯು ಶ್ರಮವನ್ನು ಹಂಚಿದ ಏರ್ಪಾಡು ಮಾತ್ರವಲ್ಲ, ಶ್ರಮಿಕರನ್ನೇ ತುಂಡು ಮಾಡಿ ಒಬ್ಬರ ಮೇಲೊಬ್ಬರನ್ನು ಇಟ್ಟ ಏರ್ಪಾಡು ಎಂದರು. ಲಾಹೋರಿನಲ್ಲಿ ಭಾಷಣಕ್ಕೆಂದು ಕರೆದವರು ಬರೆದದ್ದನ್ನು ನೋಡಿ ಹಿಂದೆ ಸರಿದರು. ಕರೆದವರೇ ಕರೆ ಹಿಂತೆಗೆದುಕೊಂಡ ಭಾಷಣ ಅದು.

ಈಗ ಶರಣರ ಕಲ್ಯಾಣಕ್ಕೆ ಬರುತ್ತೇನೆ. ನಮ್ಮ ಸರಕಾರಿ ಕಚೇರಿಗಳ ಗೋಡೆಯ ಮೇಲೆ, ಬಸ್ ಡಿಪೊಗಳಲ್ಲಿ, ಪೊಲೀಸ್ ಠಾಣೆಯಲ್ಲಿ ಕೂಡ, ಕಾಯಕವನ್ನೂ ಕೈಲಾಸವನ್ನೂ ಕೂಡಿಸಿದ ಆ ಎರಡು ಪದ ಇರುತ್ತವೆ. ಕೆಳಗೆ ಬಸವಣ್ಣನವರ ಹೆಸರು. ಆದರೆ ಆ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಗೋಡೆಗೆ ಬರೆಸಿದವರಿಗೆ ಮಂತ್ರಿಯ ಹೆಸರು ಒಗ್ಗಿತು, ಅಕ್ಕಿ ಆಯುವವನ ಹೆಸರು ಒಗ್ಗಲಿಲ್ಲ. ಇದು ಸಣ್ಣ ತಪ್ಪಲ್ಲ. ಅಧಿಕಾರದಲ್ಲಿದ್ದವನು ಕೆಳಗಿನವರಿಗೆ ಹೇಳಿದರೆ ಆ ಮಾತು ಆಜ್ಞೆಯಾಗುತ್ತದೆ. ನೆಲಕ್ಕೆ ಬಾಗಿ ಕಾಳು ಹೆಕ್ಕುವವನು ತನ್ನ ಬಗ್ಗೆ ಹೇಳಿಕೊಂಡರೆ ಅದು ಸ್ವಾತಂತ್ರ್ಯದ ಘೋಷಣೆ. ನನ್ನ ಕೈಕೆಲಸ ಕೈಲಾಸ ಆದ ಮೇಲೆ ನಡುವೆ ಪೂಜಾರಿ, ಗುರು, ಧಣಿ ಯಾರೂ ಬೇಕಿಲ್ಲ ಎಂಬುದು ಅದರ ಒಳಗಿನ ಮಾತು.

ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಇಷ್ಟು ನಮಗೆ ಯಾಕೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಆಸೆ ಅರಸರಿಗೆ ಇರಲಿ, ನಮಗೇಕೆ ಎಂಬ ಭಾವದ ವಚನ ಅವಳ ಹೆಸರಿನಲ್ಲಿದೆ. ಮಾರಯ್ಯ ವಾಪಸು ಹೋಗಿ ಸುರಿದು ಬಂದ. ಉಳಿದಷ್ಟರಲ್ಲೇ ದಂಪತಿ ಕಲ್ಯಾಣದ ಜಂಗಮರಿಗೆಲ್ಲ ಉಣಬಡಿಸಿದರು ಎಂದು ಕತೆ ಮುಂದುವರಿಯುತ್ತದೆ.

ನುಲಿಯ ಚಂದಯ್ಯನ ಕತೆ ಇದಕ್ಕಿಂತ ತಮಾಷೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಕಳಚಿ ಬಿತ್ತು. ಕೆಲಸ ನಿಲ್ಲಿಸಿ ಅದನ್ನು ಎತ್ತಿಕೊಳ್ಳಲಿಲ್ಲ ಚಂದಯ್ಯ. ಲಿಂಗ ಬೆನ್ನು ಹತ್ತಿ ಬಂದು ಬೇಡಿಕೊಂಡಿತು, ಮಡಿವಾಳ ಮಾಚಯ್ಯ ನಡುವೆ ಬಂದು ನ್ಯಾಯ ಮಾಡಿದ. ಕೊನೆಗೆ ಲಿಂಗವೂ ಕಾಯಕ ಮಾಡಬೇಕೆಂದು ತೀರ್ಮಾನವಾಗಿ, ಹಗ್ಗ ಮಾರಿಕೊಂಡು ಬರಲು ಹೊರಟಿತು. ಬಸವಣ್ಣನವರು ಭಕ್ತಿಯಿಂದ ಹಗ್ಗಕ್ಕೆ ಮೀರಿದ ಹೊನ್ನು ಕೊಟ್ಟರೆ ಚಂದಯ್ಯ ಅದನ್ನು ಮುಟ್ಟಲಿಲ್ಲ, ಹಗ್ಗದ ಬೆಲೆ ಎಷ್ಟೋ ಅಷ್ಟೇ ಎಂದ. ದೇವರ ಕೆಲಸ ಮಾಡುವುದು ಎಲ್ಲ ಧರ್ಮದಲ್ಲೂ ಇದೆ. ದೇವರನ್ನೇ ಕೆಲಸಕ್ಕೆ ಹಚ್ಚಿ, ತಂದ ದುಡ್ಡಿನ ಲೆಕ್ಕ ಕೇಳಿದ ಕತೆ ನಾನು ಬೇರೆಲ್ಲೂ ಓದಿಲ್ಲ.

ಈ ಎರಡೂ ಕತೆಯಲ್ಲಿ ಕೂಲಿಯ ಮಾತು ಕೈಲಾಸದ ಮಾತಿನಿಂದ ಬೇರೆ ಆಗಿಲ್ಲ ಎಂಬುದನ್ನು ನೋಡಬೇಕು. ಎಷ್ಟು ತಂದೆ, ಎಷ್ಟು ಸಲ್ಲಬೇಕು, ಉಳಿದದ್ದು ಎಲ್ಲಿಗೆ ಹೋಯಿತು. ಇದೇ ಅಲ್ಲಿನ ಅಧ್ಯಾತ್ಮ. ಪುಣ್ಯದ ಲೆಕ್ಕ ಬೇರೆ, ಅಕ್ಕಿಯ ಲೆಕ್ಕ ಬೇರೆ ಎಂದು ಎರಡು ಪುಸ್ತಕ ಇಟ್ಟವರಲ್ಲ ಅವರು.

ಇಲ್ಲಿ ಒಬ್ಬ ಜಾಣ ಆಕ್ಷೇಪ ಎತ್ತಬಹುದು, ನನ್ನ ಕ್ಲಾಸಿನಲ್ಲಿ ಎತ್ತಿದರು ಕೂಡ. “ಮೇಡಂ, ಲಕ್ಕಮ್ಮ ಕಡಿಮಿ ತಗೋ ಅಂದ್ಲು. ಹಂಗಾದ್ರ ಸರಕಾರನೂ ಅದನ್ನ ಹೇಳಾಕತ್ತೈತಿ, ಕಡಿಮಿ ತಗೋರಿ ಅಂತ.” ಈ ಮಾತಿಗೆ ನಾನು ಆ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ವ್ಯತ್ಯಾಸ ಹೇಳುವವರು ಯಾರು ಎಂಬುದರಲ್ಲಿದೆ. ಸಾಕು ಎಂದವಳು ಉಣ್ಣುವವಳೇ. ತನ್ನ ಮನೆಯ ಗಡಿಗೆ, ತನ್ನ ಹಸಿವು, ತನ್ನ ಅಳತೆ. ಬಸವಣ್ಣನವರು ಭಂಡಾರದ ಬಾಗಿಲಲ್ಲಿ ನಿಂತು, ಲಕ್ಕಮ್ಮ, ನೀನು ಶರಣೆ, ನಿನಗೆ ಇಷ್ಟು ಸಾಕು ಎಂದಿದ್ದರೆ ಅದು ಬೇರೆಯೇ ಕತೆ ಆಗುತ್ತಿತ್ತು. ತ್ಯಾಗ ಮಾಡಬಹುದು, ಮಾಡಿಸಲು ಬರುವುದಿಲ್ಲ. ಇನ್ನೊಬ್ಬರಿಂದ ಮಾಡಿಸಿದ ತ್ಯಾಗಕ್ಕೆ ನಮ್ಮ ಕಡೆ ಕಸಿದುಕೊಳ್ಳುವುದು ಅನ್ನುತ್ತಾರೆ.

ಇನ್ನೊಂದು ಮಾತು. ಕಾಯಕದ ಜೋಡಿ ದಾಸೋಹ. ದುಡಿದದ್ದರಲ್ಲಿ ತನಗೆ ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನು ಇನ್ನೊಬ್ಬರ ಎಲೆಗೆ ಬಡಿಸುವುದು. ಕೈಗೆ ಏನೂ ಬಾರದವಳು ಬಡಿಸುವುದಾದರೂ ಏನನ್ನು? ಕೂಲಿ ಕೊಡದವನು ಅವಳ ಊಟವನ್ನಷ್ಟೇ ಕಸಿಯುವುದಿಲ್ಲ, ಅವಳ ದಾಸೋಹವನ್ನೂ ಕಸಿಯುತ್ತಾನೆ. ಕೊಡುವ ಅಧಿಕಾರ ತಾನು ಇಟ್ಟುಕೊಂಡು, ಪಡೆದು ಧನ್ಯಳಾಗುವ ಪಾತ್ರವನ್ನು ಅವಳಿಗೆ ಬಿಡುತ್ತಾನೆ. ಶರಣರ ಲೆಕ್ಕದಲ್ಲಿ ಪೂರ್ತಿ ಕೂಲಿ ಎಂಬುದು ಧರ್ಮಕ್ಕೆ ಹೊರಗಿನ ವ್ಯವಹಾರವಲ್ಲ, ಅದು ದಾಸೋಹದ ಮೊದಲ ಷರತ್ತು.

ಬೋರ್ಡಿನ ಮುಂದೆ ನನ್ನನ್ನು ತಡೆದ ಆ ಹುಡುಗಿಯ ತಾಯಿಗೆ, ಆಶಾ ಕಾರ್ಯಕರ್ತೆಗೆ, ಸಿಗುವುದನ್ನು ಕಾಗದದಲ್ಲಿ ಪಗಾರ ಎಂದು ಬರೆಯುವುದಿಲ್ಲ. ಗೌರವಧನ ಎಂದು ಬರೆಯುತ್ತಾರೆ, ಜೊತೆಗೆ ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ. ಬಸುರಿಯನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವಳು, ಲಸಿಕೆಯ ದಿನ ಮನೆಮನೆ ತಿರುಗುವವಳು, ಕೋವಿಡ್ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಾಗ ಬಾಗಿಲು ಬಡಿದವಳು. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಮಿಷನ್ ಅವಳನ್ನು ಸ್ವಯಂಸೇವಕಿ ಎಂದು ಗುರುತಿಸಿತು. ಮಿಷನ್, ನೋಡಿ, ಎಡಗಡೆಯ ಶಬ್ದ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತದ್ದು ತಿಂಗಳಿಗೆ ಒಂದು ನಿಶ್ಚಿತ ಮೊತ್ತ ಕೊಡಿ ಎಂದು ಕೇಳಿಕೊಂಡು. ಗೌರವ ಬೇಡ ಎಂದು ಯಾರೂ ಅನ್ನಲಿಲ್ಲ. ಅದರ ಮುಂದಿನ ‘ಧನ’ ಎಷ್ಟು ಎಂದಷ್ಟೇ ಕೇಳಿದರು.

ಅಂಗನವಾಡಿಯವರ ಕತೆ ಇನ್ನೂ ಹಳೆಯದು. ಆ ಯೋಜನೆ 1975ರ ಗಾಂಧಿ ಜಯಂತಿಯಂದು ಆರಂಭವಾಯಿತು. ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ, 2006ರ ಡಿಸೆಂಬರಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರಕಾರಿ ಹುದ್ದೆಯಲ್ಲಿರುವವರಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. 1972ರ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ಅವರ ಗೌರವಧನವೂ ವೇತನವೇ ಎಂದು ಒಪ್ಪಿತು. ಧರ್ಮಶಾಸ್ತ್ರ ಬಲ್ಲವರು ಹೇಳದೆ ಬಿಟ್ಟದ್ದನ್ನು ಕಾನೂನು ಬಲ್ಲವರು ಹೇಳಬೇಕಾಯಿತು.

ಇದು ಬರೀ ಬಡ ಹೆಂಗಸರ ಕತೆ ಎಂದುಕೊಳ್ಳಬೇಡಿ. ಕಾಲೇಜಿನಲ್ಲಿ ನಾನು ಮಿಲ್ಟನ್ ಪಾಠ ಮಾಡಿ ಯುಜಿಸಿ ಸಂಬಳ ಎಣಿಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಅದೇ ಮಿಲ್ಟನ್ ಪಾಠ ಮಾಡುತ್ತಿದ್ದವನು ‘ಅತಿಥಿ’ ಉಪನ್ಯಾಸಕ. ನಮ್ಮಲ್ಲಿ ಅತಿಥಿ ದೇವರ ಸಮಾನ. ಬೇಸಿಗೆ ರಜೆಯಲ್ಲಿ ಆ ದೇವರಿಗೆ ನೈವೇದ್ಯವೂ ಇಲ್ಲ. ಶಿಕ್ಷಕರ ದಿನಾಚರಣೆಯಂದು ವೇದಿಕೆಯ ಮೇಲೆ, ಬೋಧನೆ ವೃತ್ತಿಯಲ್ಲ, ಪವಿತ್ರ ಸೇವೆ ಎಂದು ಭಾಷಣ ಮಾಡುವವರು ಯಾವಾಗಲೂ ಕಾಯಂ ನೌಕರರೇ ಆಗಿರುತ್ತಿದ್ದರು. ಅತಿಥಿಗಳು ಕುರ್ಚಿ ಹಾಕುತ್ತಿದ್ದರು.

ಬೆಂಗಳೂರಿನ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕೆಂಗಲ್ ಹನುಮಂತಯ್ಯನವರ ಕನಸಿನ ಕಟ್ಟಡ, 1956ರಲ್ಲಿ ಮುಗಿಯಿತು. ಗ್ರಾನೈಟ್ ಕಡಿದು ಹೊತ್ತವರಲ್ಲಿ ಕೈದಿಗಳೂ ಇದ್ದರು. ಹನುಮಂತಯ್ಯನವರ ಆಶಯದ ಬಗ್ಗೆ ನನಗೆ ಅನುಮಾನವಿಲ್ಲ. ಕುರ್ಚಿಯ ಮೇಲೆ ಕೂತವನು ಲಂಚಕ್ಕೆ ಕೈ ಚಾಚುವ ಮೊದಲು ತಲೆ ಎತ್ತಿ ಅದನ್ನೊಮ್ಮೆ ನೋಡಲಿ ಎಂದೇ ಇರಬೇಕು. ಕೆಲಸ ಕೊಡುವವನೂ ಮೇಲಿನವನೂ ತಮ್ಮ ಕಡೆಗೆ ತಿರುಗಿಸಿಕೊಂಡಾಗ ಆ ಮಾತು ಸರಿಯಾಗಿಯೇ ಇದೆ. ಕೆಳಗಿನವರ ಕಡೆ ತಿರುಗಿಸಿ, ದೇವರ ಕೆಲಸಕ್ಕೆ ಲೆಕ್ಕ ಕೇಳುತ್ತೀರಾ ಎಂದಾಗ ಕೆಡುತ್ತದೆ.

ಈ ಸಲದ ತಂಡದಲ್ಲಿ ಒಬ್ಬ ಪೂಜಾರಿಯ ಮಗ ಇದ್ದಾನೆ. ಹಳ್ಳಿಯ ಹನುಮಪ್ಪನ ಗುಡಿ, ಮುಜರಾಯಿ ಇಲಾಖೆಗೆ ಸೇರಿದ ಸಣ್ಣ ಗುಡಿ, ಆದಾಯ ಅಷ್ಟಕ್ಕಷ್ಟೆ. ಅವರಪ್ಪನಿಗೆ ವರ್ಷಕ್ಕೆ ಇಂತಿಷ್ಟು ಎಂದು ತಸ್ತೀಕು ಬರುತ್ತದೆ, ಎಣ್ಣೆ ಬತ್ತಿ ಹೂವಿನ ಖರ್ಚೂ ಅದರಲ್ಲೇ. ಹುಡುಗ ಎರಡು ವರ್ಷದಿಂದ ಎಸ್‌ಡಿಎಗೆ ಓದುತ್ತಿದ್ದಾನೆ. ಮೊನ್ನೆ ಅನುವಾದದ ಅಭ್ಯಾಸಕ್ಕೆ ವಿಧಾನಸೌಧದ ಆ ಸಾಲನ್ನೇ ಬೋರ್ಡಿನ ಮೇಲೆ ಬರೆದಿದ್ದೆ. ನಿಮ್ಮ ಮನೆಯಲ್ಲೇ ದೇವರ ಕೆಲಸ ಇರುವಾಗ ನಿನಗೆ ಇದೇಕಪ್ಪ ಎಂದು ಸುಮ್ಮನೆ ಚೇಷ್ಟೆಗೆ ಕೇಳಿದೆ.

“ಎರಡೂ ದೇವರ ಕೆಲಸಾನ ರೀ ಮೇಡಂ,” ಅಂದ, ಬರೆಯುತ್ತಲೇ, ತಲೆ ಎತ್ತದೆ. “ಇದರಾಗ ಡಿ.ಎ. ಕೊಡತಾರ.”